ಟಾರಿನಲ್ಲಿ ಉಳಿದ ಸಗಣಿ ದುಂಬಿ
ಒಂದು ಪ್ರಭೇದವನ್ನು ಗುರುತಿಸುವ ಬಗೆ

(ಸಂಘದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು ಎಂಬ ಗಾದೆಯನ್ನು ಕೇಳುತ್ತ ಬೆಳೆದವರು ನಾವು. ಆ ಗಾದೆಗೆ ವಿರುದ್ಧವಾಗಿ ಇಂದು ಒಂದು ಗಂಟೆಯ ಕಾಲ ನಿಮ್ಮನ್ನು ಸಗಣಿಯ ಸಹವಾಸಕ್ಕೆ ಕರೆದೊಯ್ಯಬೇಕಾಗಿದೆ. ಸಗಣಿ ಹುಳು ಎಂದು ನಮ್ಮ ಹಳ್ಳಿಗಳಲ್ಲಿ ಕರೆಯುವ ದುಂಬಿಯೇ ಇಂದಿನ ವಿಷಯ. ಒಣನಾಡಿನಲ್ಲಿ ಸಿಕ್ಕ ಇಂಥದೊಂದು ದುಂಬಿ ಯಾವುದು, ಅದರ ಬಂಧುಬಳಗ ಯಾವುದು ಎಂದು ಹೇಗೆ ನಿರ್ಣಯಿಸುತ್ತಾರೆ? ಹಾಗೆ ನಿರ್ಣಯಿಸುವುದರಿಂದ ಏನು ಪ್ರಯೋಜನ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ದಿನವೂ ಕಾರಿನಲ್ಲಿ ಹಾದುಹೋಗುವ ವಿಲ್‌ಷೈರ್ ಬುಲೆವಾರ್ಡ್‌ನ ಪಕ್ಕದಲ್ಲೇ ಆ ಉತ್ತರದ ಬಹುಭಾಗ ಹೂತುಹೋಗಿದೆ.

ಹುಳುವಿನ ಪರಿಚಯ

ಸಸ್ಯಾಹಾರಿ ಪ್ರಾಣಿಗಳ ಸಗಣಿಯನ್ನು ಉಂಡು, ಅದರಲ್ಲೇ ಮರಿಗಳನ್ನು ಬೆಳೆಸುವ ದುಂಬಿಗಳು ಅಂಟಾರ್ಕ್ಟಿಕವೊಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ. ಬಾಳುವ ರೀತಿಯಿಂದ ಅವುಗಳನ್ನು ಮೂರು ಪಂಗಡಗಳಾಗಿ ವಿಂಗಡಿಸಬಹುದು. ಸಗಣಿಯನ್ನು ಉಂಡೆ ಕಟ್ಟಿ ದೂರ ಉರುಳಿಸಿಕೊಂಡು ಹೋಗಿ ಹೂಳುವವು ಒಂದು ಪಂಗಡ. ಸಗಣಿಯ ಅಡಿಯಲ್ಲೇ ಸುರಂಗ ತೋಡಿ ಅದನ್ನು ಕೆಳಗೆ ಸಾಗಿಸುವವು ಎರಡನೆಯದು. ಎಲ್ಲಿಗೂ ಸಾಗಿಸದೆ ಸಗಣಿಯೊಳಗೇ ಮನೆ ಮಾಡಿಕೊಳ್ಳುವವು ಮೂರನೆಯದು. ಮೊದಲೆರಡು ಪಂಗಡಗಳ ತಾಯಿ ಹೂತಿಟ್ಟ ಸಗಣಿಯಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಗೆ ಆ ಉಂಡೆಯೇ ಮನೆ, ಅದೇ ಅನ್ನ.

ಮೊಟ್ಟೆಯನ್ನು ಕಾಣದವರಿಗೆ ಸಗಣಿಯೇ ಹುಳುವನ್ನು ಹೆತ್ತಂತೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಜಡದಿಂದ ಚೇತನ ಹುಟ್ಟಬಹುದೆಂಬುದಕ್ಕೆ ಶಂಕರಾಚಾರ್ಯರು ತಮ್ಮ ಬ್ರಹ್ಮಸೂತ್ರ ಭಾಷ್ಯದಲ್ಲಿ ಎತ್ತಿಕೊಳ್ಳುವ ಲೋಕಪ್ರಸಿದ್ಧ ದೃಷ್ಟಾಂತವೇ ಗೋಮಯದಿಂದ ಚೇಳು ಹುಟ್ಟುವುದು. ಪ್ರಾಚೀನ ಗ್ರೀಕರಲ್ಲಿಯೂ ಇಂಥ ನಂಬಿಕೆಗಳಿದ್ದವು.

ಒಣನಾಡಿನಲ್ಲಿ ಈ ಹುಳುಗಳ ಬದುಕು ಒಂದು ಓಟದ ಪಂದ್ಯ. ಬಿಸಿಲಿಗೆ ಬಿದ್ದ ಸಗಣಿ ಕೆಲವೇ ಗಂಟೆಗಳಲ್ಲಿ ಮೇಲ್ಪದರ ಕಟ್ಟಿ ಒಣಗುತ್ತದೆ. ಬೆಳೆದ ದುಂಬಿಯ ಬಾಯಿ ಅಗಿಯುವುದಕ್ಕೆ ಹೇಳಿ ಮಾಡಿಸಿದ್ದಲ್ಲ. ಸಗಣಿಯ ರಸವನ್ನೂ ಅದರಲ್ಲಿ ತೇಲುವ ಸೂಕ್ಷ್ಮ ಕಣಗಳನ್ನೂ ಸೋಸಿ ಹೀರುವಂಥದು. ಸಗಣಿ ಒಣಗಿತೆಂದರೆ ಊಟ ಮುಗಿಯಿತು. ಆದುದರಿಂದ ವಾಸನೆ ಹಿಡಿದು ಹಾರಿ ಬರುವ ವೇಗ, ತೇವವಿರುವ ಮಣ್ಣಿನವರೆಗೆ ತೋಡುವ ಶಕ್ತಿ, ಮಳೆ ಬಿದ್ದಾಗ ಮಾತ್ರ ನೆಲದಿಂದ ಹೊರಬರುವ ತಾಳ್ಮೆ, ಇವು ಒಣನಾಡಿನ ಸಗಣಿ ದುಂಬಿಯ ಮುಖ್ಯ ಬಂಡವಾಳ. ಇವು ಎಷ್ಟು ಚುರುಕೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಪೂರ್ವ ಆಫ್ರಿಕದಲ್ಲಿ ಆಂಡರ್ಸನ್ ಮತ್ತು ಕೋ ಎಂಬ ವಿಜ್ಞಾನಿಗಳು 1974ರಲ್ಲಿ ವರದಿ ಮಾಡಿದಂತೆ, ಒಂದೂವರೆ ಕಿಲೋಗ್ರಾಂ ಆನೆ ಲದ್ದಿಗೆ ಸುಮಾರು 16,000 ದುಂಬಿಗಳು ಮುತ್ತಿ, ಎರಡೇ ಗಂಟೆಗಳಲ್ಲಿ ಅದನ್ನು ಇಲ್ಲವಾಗಿಸಿದವು.

ಗುರುತಿಸುವ ಮೆಟ್ಟಿಲುಗಳು

ಈಗ ನಿಮ್ಮ ಕೈಗೆ ಒಂದು ಕಪ್ಪು ದುಂಬಿ ಸಿಕ್ಕಿತೆನ್ನೋಣ. ಅದನ್ನು ಗುರುತಿಸುವುದು ಅಂಚೆಯವನು ವಿಳಾಸ ಹುಡುಕಿದಂತೆ. ಮೊದಲು ದೇಶ, ಆಮೇಲೆ ಊರು, ಬೀದಿ, ಕೊನೆಗೆ ಮನೆ. ಜೀವಶಾಸ್ತ್ರದಲ್ಲಿ ಇವುಗಳಿಗೆ ಗಣ, ಕುಟುಂಬ, ಜಾತಿ, ಪ್ರಭೇದ ಎಂದು ಹೆಸರು. ಇಲ್ಲಿ ಜಾತಿ ಎಂದರೆ ಹತ್ತಿರದ ನಂಟಿನ ಪ್ರಭೇದಗಳ ಗುಂಪು ಎಂದಷ್ಟೇ ಅರ್ಥ.

ಮುಂದಿನ ಜೋಡಿ ರೆಕ್ಕೆಗಳು ಗಟ್ಟಿಯಾಗಿ ಬೆನ್ನಿನ ಮೇಲೆ ಪೆಟ್ಟಿಗೆಯ ಮುಚ್ಚಳದಂತೆ ಕೂತಿದ್ದರೆ ಅದು ದುಂಬಿಗಳ ಗಣಕ್ಕೆ ಸೇರಿದ್ದು. ಕುಡಿಮೀಸೆಯ ತುದಿಯಲ್ಲಿ ಪುಸ್ತಕದ ಹಾಳೆಗಳಂತೆ ಬಿಚ್ಚಿ ಮಡಚುವ ಪದರಗಳಿದ್ದರೆ ಸ್ಕ್ಯಾರಬ್ ಕುಟುಂಬದ ಕಡೆಗೆ ಕೈ ತೋರಿಸುತ್ತದೆ. ಈ ಪದರಗಳೇ ಅದರ ಮೂಗು. ಮುಂದಿನದು ಹಿಂಗಾಲಿನ ಪರೀಕ್ಷೆ. ಮೊಣಕಾಲಿನ ಕೆಳಭಾಗದ ತುದಿಯಲ್ಲಿ ಒಂದೇ ಒಂದು ಚೂಪು ಮುಳ್ಳಿದ್ದು, ನಡುಗಾಲುಗಳ ಬುಡಗಳು ಒಂದಕ್ಕೊಂದು ದೂರವಾಗಿದ್ದರೆ ಅದು ನಿಜವಾದ ಸಗಣಿ ದುಂಬಿಗಳ ಉಪಕುಟುಂಬದ್ದು. ಎರಡು ಮುಳ್ಳುಗಳಿದ್ದರೆ, ಸಗಣಿಯೊಳಗೇ ಬಾಳುವ ಅಫೋಡಿಯಸ್ ಬಳಗದ್ದಿರಬಹುದು. ಹಿಂಗಾಲು ನೀಳವಾಗಿ, ತುಸು ಬಾಗಿದ್ದರೆ ಉಂಡೆ ಉರುಳಿಸುವುದೆಂದೂ, ಮೋಟಾಗಿ ಅಗಲವಾಗಿದ್ದರೆ ಸುರಂಗ ತೋಡುವುದೆಂದೂ ಊಹಿಸಬಹುದು. ದುಡಿಮೆ ಕಾಲಿನಲ್ಲಿ ಬರೆದಿರುತ್ತದೆ.

ಇಲ್ಲಿಯವರೆಗಿನ ದಾರಿ ಸುಲಭ. ಕಷ್ಟವಿರುವುದು ಕೊನೆಯ ಮೆಟ್ಟಿಲಿನಲ್ಲಿ. ಆಂತೊಫೇಗಸ್ ಎಂಬ ಒಂದೇ ಜಾತಿಯಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ಹಲವದರ ಗಂಡುಗಳಿಗೆ ಕೊಂಬುಗಳುಂಟು. ಕೊಂಬನ್ನು ನೋಡಿ ಹೆಸರು ಹೇಳಿಬಿಡಬಹುದಲ್ಲ ಎನಿಸುತ್ತದೆ. ಆದರೆ ಮರಿಯಾಗಿದ್ದಾಗ ಹೊಟ್ಟೆ ತುಂಬ ಉಂಡ ಗಂಡು ದೊಡ್ಡದಾಗಿ ಉದ್ದ ಕೊಂಬು ಬೆಳೆಸುತ್ತದೆ. ಅರೆಹೊಟ್ಟೆ ಉಂಡ ಅದರ ಒಡಹುಟ್ಟಿದ್ದು ಕೊಂಬಿಲ್ಲದೆ, ಹೆಣ್ಣಿನಂತೆಯೇ ಕಾಣುತ್ತದೆ. ಒಂದೇ ತಾಯಿಯ ಮಕ್ಕಳನ್ನು ಬೇರೆ ಬೇರೆ ಪ್ರಭೇದಗಳೆಂದು ಭಾವಿಸಿಬಿಡುವ ಅಪಾಯ ಇಲ್ಲಿದೆ. ಆದುದರಿಂದ ತಜ್ಞರು ತಲೆಯ ಅಂಚಿನ ಆಕಾರ, ಬೆನ್ನಿನ ಮೇಲಿನ ಸೂಕ್ಷ್ಮ ಕುಳಿಗಳ ಜೋಡಣೆ, ಮೇಲುರೆಕ್ಕೆಯ ಗೆರೆಗಳು, ಎಲ್ಲಕ್ಕಿಂತ ಮಿಗಿಲಾಗಿ ಗಂಡಿನ ಜನನಾಂಗದ ಗಟ್ಟಿ ಭಾಗದ ಆಕಾರ, ಇವುಗಳನ್ನು ಒಟ್ಟಾಗಿ ತೂಗುತ್ತಾರೆ. ಈಗ ಡಿ.ಎನ್.ಎ. ಪರೀಕ್ಷೆಯೂ ನೆರವಿಗೆ ಬಂದಿದೆ.

ಒಂದೇ ಒಂದು ಹುಳುವನ್ನು ನೋಡಿ ತೀರ್ಪು ಕೊಡಬಾರದು. ಒಂದೇ ಸ್ಥಳದ ಹತ್ತಾರು ಹುಳುಗಳನ್ನು ಸಾಲಾಗಿ ಇಟ್ಟು, ಒಂದು ಪ್ರಭೇದದೊಳಗಿನ ವ್ಯತ್ಯಾಸ ಎಷ್ಟು, ಎರಡು ಪ್ರಭೇದಗಳ ನಡುವಿನ ಅಂತರ ಎಷ್ಟು ಎಂದು ಅಳೆಯಬೇಕು. ಕೊನೆಗೆ, ಆ ಹೆಸರು ಮೊದಲು ಯಾವ ಹುಳುವಿಗೆ ಸಲ್ಲಿತ್ತೋ ಆ ಮೂಲ ಮಾದರಿಯೊಡನೆ ಹೋಲಿಸಿ ನೋಡಬೇಕು. ವಸ್ತುಸಂಗ್ರಹಾಲಯಗಳು ನೂರಾರು ವರ್ಷಗಳ ಹಳೆಯ ಹುಳುಗಳನ್ನು ಸೂಜಿಗೆ ಚುಚ್ಚಿ ಕಾಪಾಡುವುದು ಇದಕ್ಕಾಗಿಯೇ.

ಸ್ಯಾನ್ ಡಿಯೇಗೊಗೆ ಬಂದ ವೈದ್ಯ

ಈ ನಾಡಿನ ದುಂಬಿಗಳಿಗೆ ಹೀಗೆ ಹೆಸರಿಟ್ಟವರಲ್ಲಿ ಅಗ್ರಗಣ್ಯ ಜಾನ್ ಲಾರೆನ್ಸ್ ಲೆಕಾಂಟ್ (1825-1883). ವೈದ್ಯಶಾಸ್ತ್ರ ಓದಿದ್ದ ಈತ 1849ರಲ್ಲಿ ಪನಾಮಾದ ಮೂಲಕ ಕ್ಯಾಲಿಫೋರ್ನಿಯಕ್ಕೆ ಬಂದ. ಆ ವರ್ಷ ಇಲ್ಲಿಗೆ ಬಂದವರೆಲ್ಲ ಚಿನ್ನ ಅರಸಿದರೆ ಈತ ಅರಸಿದ್ದು ದುಂಬಿಗಳನ್ನು. ಮುಂದಿನ ವರ್ಷ ಸ್ಯಾನ್ ಡಿಯೇಗೊ ತಲುಪಿ, ಪೂರ್ವದ ಮರುಭೂಮಿಯಲ್ಲಿ ಸಂಚರಿಸಿ ಕೊಲರಾಡೊ ನದಿಯವರೆಗೆ ಹೋದ. ಸಾರಾಯಿಯಲ್ಲಿ ಅದ್ದಿದ 10,000 ದುಂಬಿಗಳನ್ನು ತಂದೆಗೆ ಕಳುಹಿಸಿದನೆಂದೂ, ಇನ್ನೂ 20,000 ದುಂಬಿಗಳು 1852ರ ಬೆಂಕಿಯಲ್ಲಿ ನಾಶವಾದುವೆಂದೂ ಅವನ ಜೀವನಚರಿತ್ರೆ ಹೇಳುತ್ತದೆ. ಉಳಿದು ಬಂದ ಅವನ ಸಂಗ್ರಹ ಇಂದು ಹಾರ್ವರ್ಡ್‌ನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿದೆ.

ದಕ್ಷಿಣ ಕ್ಯಾಲಿಫೋರ್ನಿಯದ ಮೂಲನಿವಾಸಿ ಉಂಡೆ ಉರುಳಿಸುವ ದುಂಬಿಯೊಂದಕ್ಕೆ 1857ರಲ್ಲಿ ಕ್ಯಾಂಥಾನ್ ಸಿಂಪ್ಲೆಕ್ಸ್ ಎಂದು ಹೆಸರಿಟ್ಟವನು ಇವನೇ. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಕೊಂಬಿಲ್ಲದ, ಹೆಸರೇ ಹೇಳುವಂತೆ ಸರಳವಾದ ಹುಳು. ಕಾಡುಪ್ರಾಣಿಗಳ ಹಿಕ್ಕೆಯನ್ನು ನಂಬಿ ಬಾಳುತ್ತಿದ್ದ ಇಂಥ ಸಣ್ಣ ಹುಳುಗಳೇ ಲೆಕಾಂಟ್‌ಗೆ ಕಂಡವು. ಆದರೆ ಇದೇ ನೆಲದಲ್ಲಿ ಹಿಂದೊಮ್ಮೆ ದೊಡ್ಡ ಪ್ರಾಣಿಗಳೂ ಅವುಗಳನ್ನು ನಂಬಿದ್ದ ಬೇರೆ ದುಂಬಿಗಳೂ ಇದ್ದುವೆಂದು ತಿಳಿಯಲು ಇನ್ನೂ ತೊಂಬತ್ತು ವರ್ಷ ಕಾಯಬೇಕಾಯಿತು.

ರಾಂಚೋ ಲಾ ಬ್ರಿಯಾದ ಸಾಕ್ಷ್ಯ

ಸ್ಪ್ಯಾನಿಷ್ ಭಾಷೆಯಲ್ಲಿ ಲಾ ಬ್ರಿಯಾ ಎಂದರೆ ಟಾರು. ಇಂದು ಲಾಸ್ ಏಂಜಲಿಸ್ ನಗರದ ನಡುವೆ ಇರುವ ಆ ಜಾಗ 1828ರಲ್ಲಿ ಮೆಕ್ಸಿಕೊ ಆಡಳಿತ ದಾನವಾಗಿ ಕೊಟ್ಟ ಒಂದು ದನಗಾವಲು. ನೆಲದಿಂದ ಉಕ್ಕುವ ಟಾರಿನಲ್ಲಿ ಸಿಗುತ್ತಿದ್ದ ಮೂಳೆಗಳನ್ನು ಅಲ್ಲಿಯ ಜನ ಸಿಕ್ಕಿಬಿದ್ದು ಸತ್ತ ದನಗಳ ಮೂಳೆಗಳೆಂದೇ ತಿಳಿದಿದ್ದರು. ಅವು ಸುಮಾರು 50,000 ವರ್ಷಗಳಿಂದ ಈಚಿನ ಮಹಾಪ್ರಾಣಿಗಳ ಮೂಳೆಗಳೆಂಬುದು ಆಮೇಲೆ ತಿಳಿಯಿತು: ಕೊಲಂಬಿಯನ್ ಮ್ಯಾಮತ್, ಪುರಾತನ ಕಾಡೆಮ್ಮೆ, ಕುದುರೆ, ಒಂಟೆ, ನೆಲದ ಮೇಲೆ ಬಾಳುವ ದೈತ್ಯ ಸ್ಲಾತ್, ಇವನ್ನು ತಿನ್ನಲು ಬಂದ ಕತ್ತಿಹಲ್ಲಿನ ಬೆಕ್ಕು ಮತ್ತು ಘೋರ ತೋಳ. ಒಂಟೆಯೂ ಕುದುರೆಯೂ ಹುಟ್ಟಿ ವಿಕಾಸಗೊಂಡದ್ದು ಈ ಅಮೆರಿಕ ಖಂಡದಲ್ಲೇ ಎಂಬುದು ನಿಮಗೆ ನೆನಪಿರಲಿ.

ದೊಡ್ಡ ಮೂಳೆಗಳ ಸಂಭ್ರಮದಲ್ಲಿ ಹುಳುಗಳನ್ನು ಗಮನಿಸಿದವರು ಕಡಿಮೆ. ಲಾಸ್ ಏಂಜಲಿಸ್ ಕೌಂಟಿ ವಸ್ತುಸಂಗ್ರಹಾಲಯದ ಕೀಟಶಾಸ್ತ್ರಜ್ಞ ವಿಲಿಯಂ ಡ್ವೈಟ್ ಪಿಯರ್ಸ್ ಟಾರು ಮೆತ್ತಿದ ಮಣ್ಣಿನಿಂದ ದುಂಬಿಗಳ ಚೂರುಗಳನ್ನು ಹೆಕ್ಕಿ ತೆಗೆದು, 1946ರಲ್ಲಿ ಲಾ ಬ್ರಿಯಾದ ಸಗಣಿ ದುಂಬಿಗಳ ಬಗ್ಗೆ ಲೇಖನ ಪ್ರಕಟಿಸಿದ. ಕಾಪ್ರಿಸ್ ಪ್ರಿಸ್ಟಿನಸ್, ಆಂತೊಫೇಗಸ್ ಎವರೆಸ್ಟೀ ಎಂಬ ಹೊಸ ಪ್ರಭೇದಗಳನ್ನು ಹೆಸರಿಸಿದ. ಇವಲ್ಲದೆ ಇನ್ನೂ ಕೆಲವು ಹೊಸ ಹೆಸರುಗಳನ್ನು ಸೇರಿಸಿದ.

ಅವನ ಮುಂದಿದ್ದ ಕಷ್ಟವನ್ನು ಊಹಿಸಿಕೊಳ್ಳಿ. ಟಾರು ದುಂಬಿಯ ಚಿಪ್ಪನ್ನು ಅದರ ಕುಳಿ, ಗೆರೆಗಳ ಸಮೇತ ಚೆನ್ನಾಗಿ ಕಾಪಾಡುತ್ತದೆ, ನಿಜ. ಆದರೆ ಇಡೀ ಹುಳು ಸಿಗುವುದು ಅಪರೂಪ. ಒಂದು ಕಡೆ ತಲೆ, ಇನ್ನೊಂದು ಕಡೆ ಒಂಟಿ ರೆಕ್ಕೆ, ಮತ್ತೊಂದು ಕಡೆ ಮುರಿದ ಕಾಲು. ಯಾವ ತಲೆ ಯಾವ ಮೈಗೆ ಸೇರಿದ್ದು? ಮೃದು ಅಂಗಗಳು ಕರಗಿ ಹೋಗಿವೆ. ಟಾರಿನ ಮಾದರಿಗಳಿಂದ ಡಿ.ಎನ್.ಎ. ಪಡೆಯುವುದು ಇಂದಿಗೂ ಬಲು ಕಷ್ಟ. ಇಷ್ಟರ ಮೇಲೆ, ಇಷ್ಟು ಹಳೆಯದಾದ ಹುಳು ಇಂದಿನದಕ್ಕಿಂತ ಬೇರೆಯೇ ಇರಬೇಕೆಂಬ ನಿರೀಕ್ಷೆ ಆ ಕಾಲದಲ್ಲಿ ಸಹಜವಾಗಿತ್ತು. ಪಿಯರ್ಸ್‌ನ ಕಣ್ಣಿಗೆ ಸಣ್ಣ ವ್ಯತ್ಯಾಸಗಳೂ ಹೊಸ ಹೆಸರಿಗೆ ಅರ್ಹವಾಗಿ ತೋರಿದವು.

ಮೂರು ದಶಕಗಳ ನಂತರ ಈ ಹೆಸರುಗಳ ಲೆಕ್ಕ ತಪಾಸಣೆ ನಡೆಯಿತು. 1979ರಲ್ಲಿ ಸ್ಕಾಟ್ ಮಿಲ್ಲರ್ ಮತ್ತು ಸ್ಟೂವರ್ಟ್ ಪೆಕ್ ಟಾರಿನ ಹೆಣದ ದುಂಬಿಗಳನ್ನು, ಅಂದರೆ ಸತ್ತ ಪ್ರಾಣಿಗಳನ್ನು ತಿನ್ನುವ ದುಂಬಿಗಳನ್ನು, ಮರುಪರಿಶೀಲಿಸಿ ಸ್ಯಾನ್ ಡಿಯೇಗೊದ ನಿಸರ್ಗ ಇತಿಹಾಸ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಿಯರ್ಸ್ ಅವುಗಳಿಗೆ ಕೊಟ್ಟಿದ್ದ ಹೊಸ ಹೆಸರುಗಳು ಇಂದೂ ಬದುಕಿರುವ ಪ್ರಭೇದಗಳ ಹೆಸರುಗಳಲ್ಲಿ ಲೀನವಾದವು. 1981ರಲ್ಲಿ ಮಿಲ್ಲರ್, ರಾಬರ್ಟ್ ಗಾರ್ಡನ್, ಹೆನ್ರಿ ಹೌಡನ್ ಸೇರಿ ಸ್ಕ್ಯಾರಬ್ ದುಂಬಿಗಳಿಗೂ ಇದೇ ಪರೀಕ್ಷೆ ಒಡ್ಡಿದರು. ಅಲ್ಲಿಯೂ ಕೆಲವು ಹೆಸರುಗಳು ಬಿದ್ದುಹೋದವು. ಆದರೆ ಕಾಪ್ರಿಸ್ ಪ್ರಿಸ್ಟಿನಸ್ ಮತ್ತು ಆಂತೊಫೇಗಸ್ ಎವರೆಸ್ಟೀ ಬೀಳಲಿಲ್ಲ. ಎಷ್ಟು ಹೋಲಿಸಿದರೂ ಅವು ಯಾವ ಜೀವಂತ ಪ್ರಭೇದದೊಡನೆಯೂ ಹೊಂದಲಿಲ್ಲ. ಅವು ನಿಜವಾಗಿಯೂ ಅಳಿದುಹೋದ ಹುಳುಗಳು.

ಇದರ ಮಹತ್ವವನ್ನು ನಿಧಾನವಾಗಿ ಯೋಚಿಸಬೇಕು. ಅದೇ ಟಾರಿನಲ್ಲಿ ಸಿಕ್ಕ ಇತರ ಕೀಟಗಳು ಬಹುಮಟ್ಟಿಗೆ ಇಂದಿನವೇ. 2017ರಲ್ಲಿ ಆನಾ ಹೋಲ್ಡನ್ ಮತ್ತು ಸಂಗಡಿಗರು ಟಾರಿನ ದುಂಬಿಗಳ ವಯಸ್ಸನ್ನು ನೇರವಾಗಿ ಅಳೆದು, ಕೀಟಗಳ ದೃಷ್ಟಿಯಿಂದ ಲಾಸ್ ಏಂಜಲಿಸ್‌ನ ಹವಾಮಾನ ಆ ದೀರ್ಘ ಅವಧಿಯಲ್ಲಿ ಅಷ್ಟೇನೂ ಬದಲಾಗಿಲ್ಲವೆಂದು ತೋರಿಸಿದರು. ಇತರ ಹುಳುಗಳು ಉಳಿದ ಊರಿನಲ್ಲಿ ಸಗಣಿ ದುಂಬಿಗಳು ಅಳಿದುದೇಕೆ? ಅವುಗಳಿಗೆ ಅನ್ನ ನೀಡುತ್ತಿದ್ದ ಪ್ರಾಣಿಗಳು ಅಳಿದವು ಎಂಬುದೇ ಅತ್ಯಂತ ಒಪ್ಪಿತವಾದ ವಿವರಣೆ. 2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಲಾ ಬ್ರಿಯಾದ ಮಹಾಪ್ರಾಣಿಗಳು ಸುಮಾರು 12,900 ವರ್ಷಗಳ ಹಿಂದಿನ ಹೊತ್ತಿಗೇ ಕಣ್ಮರೆಯಾಗಿದ್ದವು. ಒಣಹವೆ, ಮನುಷ್ಯರ ಆಗಮನ, ಕಾಳ್ಗಿಚ್ಚು, ಇವು ಒಂದಕ್ಕೊಂದು ಕೂಡಿದ ಕಾಲವದು. ಮ್ಯಾಮತ್ ಹೋದದ್ದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಹೋದ ಹುಳುವಿನ ಸಾವು ನಮಗೆ ಗೊತ್ತಾಗಿರುವುದು ಯಾರೋ ಅದನ್ನು ಹೆಸರಿಸಿ, ಮತ್ತೆ ಯಾರೋ ಆ ಹೆಸರನ್ನು ಸಂಶಯದಿಂದ ಪರೀಕ್ಷಿಸಿದ್ದರಿಂದ. ಪಿಯರ್ಸ್‌ನ ಎಲ್ಲ ಹೆಸರುಗಳನ್ನೂ ಒಪ್ಪಿದ್ದರೆ ಇಲ್ಲದ ಸಾವುಗಳನ್ನು ಎಣಿಸುತ್ತಿದ್ದೆವು. ಎಲ್ಲವನ್ನೂ ತಳ್ಳಿಹಾಕಿದ್ದರೆ ಇದ್ದ ಸಾವನ್ನೇ ಕಾಣದೆ ಹೋಗುತ್ತಿದ್ದೆವು.

ಹಸು ಬಂತು, ಹುಳು ಬರಲಿಲ್ಲ

ಮುಂದೆ ಸುಮಾರು ಹದಿಮೂರು ಸಾವಿರ ವರ್ಷಗಳ ಕಾಲ ಇಲ್ಲಿ ಮ್ಯಾಮತ್ತಿನಷ್ಟು ಧಾರಾಳವಾಗಿ ಸಗಣಿ ಹಾಕುವ ಪ್ರಾಣಿಯೇ ಇರಲಿಲ್ಲ. 1769ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಮೊದಲ ಮಿಷನ್ ಸ್ಥಾಪನೆಯಾಗುವುದರೊಂದಿಗೆ ಸ್ಪೇನಿನವರ ದನಗಳು ಬಂದವು. ದನಗಳೊಡನೆ ಅವುಗಳ ಹುಳುಗಳು ಸಾಲದಷ್ಟು ಬರಲಿಲ್ಲ. ಸಗಣಿ ಬಿದ್ದಲ್ಲೇ ಒಣಗಿ ಹಲಗೆಯಾಗಿ ಹುಲ್ಲನ್ನು ಮುಚ್ಚತೊಡಗಿತು. ದನಗಳ ರಕ್ತ ಹೀರುವ ನೊಣಗಳಿಗೆ ಅದು ತೊಟ್ಟಿಲಾಯಿತು.

ಆಸ್ಟ್ರೇಲಿಯದಲ್ಲಿಯೂ ಇದೇ ಸಮಸ್ಯೆ ಇದ್ದು, ಜಾರ್ಜ್ ಬೋರ್ನೆಮಿಸ್ಸಾ ಎಂಬ ವಿಜ್ಞಾನಿಯ ಯೋಜನೆಯಂತೆ 1968ರಿಂದ ಹೊರನಾಡಿನ ಸಗಣಿ ದುಂಬಿಗಳನ್ನು ಅಲ್ಲಿ ಬಿಡುಗಡೆ ಮಾಡಿದರು. ಅಮೆರಿಕದಲ್ಲಿ 1972ರಲ್ಲಿ ಟೆಕ್ಸಾಸ್, ಅದೇ ದಶಕದಲ್ಲಿ ಕ್ಯಾಲಿಫೋರ್ನಿಯ ಇದೇ ಹಾದಿ ಹಿಡಿದವು. ಹೀಗೆ ಬಂದ ವಲಸೆಗಾರರಲ್ಲಿ ಪ್ರಮುಖವಾದದ್ದು ಗಜೆಲಾ ಎಂಬ ಸುರಂಗ ತೋಡುವ ದುಂಬಿ. ಗಂಡಿನ ತಲೆಯ ಮೇಲೆ ಜಿಂಕೆಯಂತೆ ಎರಡು ಕೊಂಬುಗಳು.

ಈ ವಲಸೆಗಾರನ ಹೆಸರಿನ ಕಥೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ನಮ್ಮ ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ಲುಗಳು ಇಲ್ಲಿಗೆ ಬಂದು ಯಾವುದೋ ಕ್ರಮದಲ್ಲಿ ಸರ್‌ನೇಮ್ ಆದುವಲ್ಲ, ಹಾಗೆಯೇ ಇದಕ್ಕೂ ಆಯಿತು. 1787ರಲ್ಲಿ ಫ್ಯಾಬ್ರಿಷಿಯಸ್ ಇದನ್ನು ಸ್ಕ್ಯಾರಬೀಯಸ್ ಗಜೆಲಾ ಎಂದ. ಮುಂದೆ ಅದು ಆಂತೊಫೇಗಸ್ ಗಜೆಲಾ ಆಯಿತು. ಈಗ ಡಿಜಿಟಾಂತೊಫೇಗಸ್ ಗಜೆಲಾ. ಬದಲಾದದ್ದು ಮನೆತನದ ಹೆಸರು ಮಾತ್ರವಲ್ಲ. 2017ರಲ್ಲಿ ಫ್ರಾನ್ಸ್ವಾ ಜೆನಿಯೆ ಮತ್ತು ಫಿಲಿಪ್ ಮೊರೆಟ್ಟೊ ಈ ಇಡೀ ಗುಂಪನ್ನು ಪರಿಷ್ಕರಿಸಿದಾಗ, ಒಂದೇ ಪ್ರಭೇದವೆಂದು ತಿಳಿದಿದ್ದ ಹೆಸರಿನ ಕೆಳಗೆ ಆಫ್ರಿಕದ ಹಲವು ಪ್ರಭೇದಗಳು ಅಡಗಿದ್ದುದು ಬೆಳಕಿಗೆ ಬಂತು. ಖಂಡಾಂತರ ಸಾಗಿಸಿ, ಸಾಕಿ, ಬಿಡುಗಡೆ ಮಾಡಿ ದಶಕಗಳೇ ಕಳೆದ ಮೇಲೂ ಈ ಹುಳು ಯಾರೆಂಬ ಪ್ರಶ್ನೆ ಉಳಿದೇ ಇತ್ತು ಎಂದಾಯಿತು. ಯಾವ ಪ್ರಭೇದ ಎಷ್ಟು ಬಿಸಿಲು ತಡೆಯುತ್ತದೆ, ಬೇಸಿಗೆಯ ಮಳೆ ಬೇಕೇ, ಚಳಿಗಾಲದ ಮಳೆ ಸಾಕೇ ಎಂಬುದೆಲ್ಲ ಹೆಸರಿನ ಹಿಂದೆ ಇರುವ ವಿಷಯಗಳು. ಹೆಸರು ತಪ್ಪಿದರೆ ಆ ತಿಳಿವಳಿಕೆಯೆಲ್ಲ ಬೇರೆ ಮನೆಯ ಬಾಗಿಲಿಗೆ ಬಟವಾಡೆಯಾಗುತ್ತದೆ.

ನಮ್ಮ ಬಯಲುಸೀಮೆಯ ಪಾಲು

ಇನ್ನು ನಮ್ಮ ನಾಡಿಗೆ ಬರೋಣ. ಕರ್ನಾಟಕದ ಬಯಲುಸೀಮೆಯಲ್ಲಿ ದನ, ಎಮ್ಮೆ, ಕುರಿಗಳೂ ಸಗಣಿ ದುಂಬಿಗಳೂ ಸಾವಿರಾರು ವರ್ಷಗಳಿಂದ ಒಟ್ಟಿಗೇ ಬಾಳಿವೆ. ಹೊಲದಲ್ಲಿ ಕುರಿಮಂದೆ ತಂಗಿಸಿ ಗೊಬ್ಬರ ಪಡೆಯುವ ರೈತ, ಅರಿತೋ ಅರಿಯದೆಯೋ, ಈ ಹುಳುಗಳ ಕೂಲಿಯನ್ನೂ ಪಡೆಯುತ್ತಾನೆ. ಸಗಣಿಯ ಸಾರ ಬಿಸಿಲಿಗೆ ಆರಿಹೋಗುವ ಮೊದಲೇ ಅವು ಅದನ್ನು ಬೇರಿನ ಬಳಿಗೆ ಇಳಿಸುತ್ತವೆ.

ಭಾರತದ ಈ ದುಂಬಿಗಳನ್ನು ಗುರುತಿಸಲು ಇಂದಿಗೂ ಕೈಗೆತ್ತಿಕೊಳ್ಳುವ ಗ್ರಂಥ ಗಿಲ್ಬರ್ಟ್ ಆರೋ 1931ರಲ್ಲಿ ಬರೆದದ್ದು. ಬೆಂಗಳೂರಿನ ಕೆ. ವೀಣಾಕುಮಾರಿ ಮತ್ತು ಜಿ. ಕೆ. ವೀರೇಶ್ ಅವರು ಗಜೆಲಾ ಮತ್ತು ಇನ್ನೊಂದು ಆಂತೊಫೇಗಸ್ ಪ್ರಭೇದದ ಸಂತಾನಕ್ರಮವನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಏಟ್ರೀ ಸಂಸ್ಥೆಯಲ್ಲಿ ಪ್ರಿಯದರ್ಶನನ್ ಧರ್ಮರಾಜನ್ ಮತ್ತು ಅವರ ಶಿಷ್ಯರು ಸಗಣಿ ದುಂಬಿಗಳ ವರ್ಗೀಕರಣದಲ್ಲಿ ದುಡಿದಿದ್ದಾರೆ. 2017ರ ಪರಿಷ್ಕರಣೆಯ ನಂತರ, ನಮ್ಮ ಹಳೆಯ ಪಟ್ಟಿಗಳಲ್ಲಿ ಗಜೆಲಾ ಎಂದು ಬರೆದಿರುವ ಕಡೆಗಳಲ್ಲೆಲ್ಲ ಸೂಜಿಗೆ ಚುಚ್ಚಿಟ್ಟ ಆ ಹುಳುವನ್ನೇ ಮತ್ತೊಮ್ಮೆ ತೆಗೆದು ನೋಡುವುದು ಅವಶ್ಯ. ಮಾದರಿಯನ್ನು ಕಾಪಾಡಿದ್ದರೆ ಮಾತ್ರ ಅದು ಸಾಧ್ಯ.

ಇದರಲ್ಲಿ ಅವಸರವೂ ಉಂಟು. ಟ್ರ್ಯಾಕ್ಟರು ಬಂದಲ್ಲಿ ಎತ್ತು ಕಡಿಮೆಯಾಗುತ್ತದೆ. ಬಯಲಿನಲ್ಲಿ ಮೇಯುತ್ತಿದ್ದ ದನ ಕೊಟ್ಟಿಗೆ ಸೇರಿದರೆ ಸಗಣಿ ನೆಲಕ್ಕೆ ಬೀಳದೆ ಗುಂಡಿಗೆ ಹೋಗುತ್ತದೆ. 1981ರಿಂದ ಬಳಕೆಗೆ ಬಂದ ಐವರ್‌ಮೆಕ್ಟಿನ್‌ನಂಥ ಜಂತುನಾಶಕ ಔಷಧಗಳ ಅಂಶ ಸಗಣಿಯಲ್ಲಿ ಉಳಿದು ದುಂಬಿಯ ಮರಿಗಳನ್ನು ಕೊಲ್ಲುತ್ತದೆ. ಲಾ ಬ್ರಿಯಾದಲ್ಲಿ ಹುಳುವಿನ ಸಾವನ್ನು ಟಾರು ಬರೆದಿಟ್ಟುಕೊಂಡಿತು. ಚಿತ್ರದುರ್ಗದ, ಬಳ್ಳಾರಿಯ, ರಾಯಚೂರಿನ ಹೊಲಗಳಲ್ಲಿ ಟಾರಿನ ಕೊಳಗಳಿಲ್ಲ. ಅಲ್ಲಿ ಒಂದು ಹುಳು ಇತ್ತೆಂಬುದಕ್ಕೆ, ಇಲ್ಲವಾಯಿತೆಂಬುದಕ್ಕೆ, ಮನುಷ್ಯ ಬರೆದಿಟ್ಟ ಚೀಟಿಯೊಂದೇ ಸಾಕ್ಷಿ.

ನಾವು ಮಾಡಬಹುದಾದದ್ದು

ತಂದೆತಾಯಿಯರಲ್ಲಿ ಒಂದು ಬಿನ್ನಹ. ಮಕ್ಕಳನ್ನು ಲಾ ಬ್ರಿಯಾಕ್ಕೆ ಕರೆದುಕೊಂಡು ಹೋದಾಗ ಮ್ಯಾಮತ್ತಿನ ಜೊತೆಗೆ ಆ ಹುಳುವಿನ ಕಥೆಯನ್ನೂ ಹೇಳಿ. ವಸಂತದಲ್ಲಿ ಹೂ ನೋಡಲು ಆಂಜಾ-ಬೊರೆಗೊ ಮರುಭೂಮಿಗೆ ಹೋದಾಗ ನೆಲವನ್ನೂ ನೋಡಿ. ಅಲ್ಲಿಯ ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಹುಳುಗಳನ್ನು ಹಿಡಿದು ತರಬಾರದು. ಛಾಯಾಚಿತ್ರಕ್ಕೆ ಅಡ್ಡಿಯಿಲ್ಲ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದರೆ ಹಿಂಗಾಲು ಕಾಣುವಂತೆ ಒಂದು ಚಿತ್ರ ತೆಗೆಯಿರಿ. ದಿನಾಂಕ, ಸ್ಥಳ, ಯಾವ ಪ್ರಾಣಿಯ ಸಗಣಿಯಲ್ಲಿತ್ತು ಎಂಬ ಮೂರು ಸಂಗತಿಗಳನ್ನು ಬರೆಯಿರಿ. ಈ ಮೂರಿಲ್ಲದ ಚಿತ್ರ ವಿಳಾಸವಿಲ್ಲದ ಕಾಗದದಂತೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಇದೇ ಕೆಲಸವನ್ನು ಅಜ್ಜನ ಹೊಲದಲ್ಲಿ ಮಾಡಬಹುದು. ಮುಂಗಾರಿನ ಮೊದಲ ಮಳೆಯ ನಂತರದ ಸಂಜೆಗಳು ಅದಕ್ಕೆ ಪ್ರಶಸ್ತ. ಅಲ್ಲಿ ಈ ಹುಳುವಿಗೆ ಏನೆನ್ನುತ್ತಾರೆಂದು ಹಿರಿಯರನ್ನು ಕೇಳಿ, ಆ ಹೆಸರನ್ನೂ ಚೀಟಿಯಲ್ಲಿ ಸೇರಿಸಿ. ಊರೂರಿಗೆ ಬದಲಾಗುವ ಆ ಕನ್ನಡ ಹೆಸರುಗಳಿಗೂ ಸಂಗ್ರಹಾಲಯ ಬೇಕಾಗಿದೆ.